ಪ್ರತಿಭೆ ನಮ್ಮ ಕೇರಿಯೊಳಗೂ ಐತಿ, ಕೋಚ್ ಎಲ್ಲಿ ಅದಾನ?

ಗೆಳೆಯರೇ, ಇದು ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಮಾಡ್ಕೊಂಡು ಓದ್ರಿ.

"ಪ್ರತಿಭಾ ಇದ್ರ ಎಲ್ಲಿದ್ರೂ ಮ್ಯಾಲ ಬರ್ತೈತ್ರಿ." ಈ ಮಾತನ್ನ ಸಿಂಧನೂರಿನ ಚಹಾದಂಗಡಿಯಲ್ಲಿ ಕೇಳಿದ್ದೇನೆ. ಲಿಂಗಸುಗೂರಿನಲ್ಲಿ ಒಂದು ಕಾಲೇಜಿನ ವೇದಿಕೆ ಮೇಲೆ ಕೇಳಿದ್ದೇನೆ. ಮಸ್ಕಿ ಕಡೆಯ ಒಂದು ಶಾಲಾ ಕ್ರೀಡಾಕೂಟದಲ್ಲಿ ಧ್ವಜ ಹಾರಿಸಿದವರ ಬಾಯಲ್ಲೂ ಕೇಳಿದ್ದೇನೆ. ಹೇಳುವವರಲ್ಲಿ ಹೆಚ್ಚಿನವರು ಒಳ್ಳೆ ಮನಸ್ಸಿನಿಂದಲೇ ಹೇಳ್ತಾರೆ. ಆದರೆ ಈ ಮಾತಿಗೆ ಒಂದು ಬಾಲ ಇದೆ. ಅದನ್ನ ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಮೇಲೆ ಬಂದವರಿಗೆ ಪ್ರತಿಭೆ ಇತ್ತು ಅಂದ್ರೆ, ಬರದೇ ಉಳಿದವರಿಗೆ ಪ್ರತಿಭೆ ಇರಲಿಲ್ಲ ಅಂತ ಅರ್ಥ. ಮೀಸಲಾತಿ ಮಾತು ಬಂದಾಗೆಲ್ಲ ನಮ್ಮ ಮುಂದೆ ಅಲ್ಲಾಡಿಸೋದು ಈ ಬಾಲವನ್ನೇ.

ಇದಕ್ಕೆ ನಾನು ಮೊದಲೆಲ್ಲ ಸಂವಿಧಾನ ಇಟ್ಟುಕೊಂಡು ಉತ್ತರ ಕೊಡ್ತಿದ್ದೆ. ಈಗೀಗ ಹಾಕಿ ಇಟ್ಟುಕೊಂಡೂ ಕೊಡ್ತೀನಿ. ಪ್ರತಿಭೆ ಎಷ್ಟು, ತರಬೇತಿ ಎಷ್ಟು ಅನ್ನೋ ಲೆಕ್ಕ ನಮ್ಮ ದೇಶದ ಹಾಕಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ನನಗೆ ಬೇರೆಲ್ಲೂ ಕಂಡಿಲ್ಲ.

ನಾನು ಹಾಕಿ ಆಡಿದವನಲ್ಲ. ನಾನು ಓದಿದ ಸಾಲಿಯಲ್ಲಿ ಹಾಕಿ ಸ್ಟಿಕ್ಕನ್ನ ಕಣ್ಣಿಂದ ಕಂಡಿದ್ದಿಲ್ಲ. ನಮ್ಮದು ಕಬಡ್ಡಿ, ಖೊಖೊ, ಚಿಣಿಪಣಿ. ಹಾರುವ ಚಿಣಿಗೆ ಗಾಳಿಯಲ್ಲೇ ಎರಡನೇ ಏಟು ಕೊಡೋ ಹುಡುಗರು ನಮ್ಮ ಓಣಿಯಲ್ಲಿ ಹತ್ತು ಮಂದಿ ಇದ್ದರು. ಅವರಲ್ಲಿ ಒಬ್ಬ ಈಗ ಅಕ್ಕಿ ಗಿರಣಿಯಲ್ಲಿ ಚೀಲ ಹೊರ್ತಾನೆ, ಇನ್ನೊಬ್ಬ ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗ್ತಾನೆ. ನನ್ನ ತಲೆಯಲ್ಲಿ ಹಾಕಿ ಹೊಕ್ಕಿದ್ದು 2021ರ ಆಗಸ್ಟ್‌ನಲ್ಲಿ, ಟೋಕಿಯೊ ಒಲಿಂಪಿಕ್ಸ್ ನಡೆಯುವಾಗ. ಯಾಕೆ ಅಂತ ಮುಂದೆ ಹೇಳ್ತೀನಿ. ಮೊದಲು ಲೆಕ್ಕ ನೋಡೋಣ.

1928ರಿಂದ 1956ರ ತನಕ ಭಾರತದ ಗಂಡಸರ ತಂಡ ಸತತ ಆರು ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿತು. 1964ರಲ್ಲಿ ಮತ್ತೆ ಚಿನ್ನ. 1975ರಲ್ಲಿ ವಿಶ್ವಕಪ್. ಆಗೆಲ್ಲ ಜನ ಏನಂತಿದ್ರು? "ಹಾಕಿ ನಮ್ಮ ರಕ್ತದಲ್ಲೇ ಐತಿ." ಮರುವರ್ಷ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹುಲ್ಲಿನ ಬದಲು ಕೃತಕ ಟರ್ಫ್ ಹಾಸಿದರು. ಭಾರತ ಏಳನೇ ಸ್ಥಾನಕ್ಕೆ ಬಿತ್ತು.

ಒಂದು ವರ್ಷದಲ್ಲಿ ರಕ್ತ ಬದಲಾಗ್ತದೇನ್ರಿ? ಬದಲಾಗಿದ್ದು ನೆಲ. ಟರ್ಫ್ ಮೇಲೆ ಚೆಂಡು ಪುಟಿಯದೆ ಜಾರಿಕೊಂಡು ವೇಗವಾಗಿ ಹೋಗ್ತದೆ. ಅಲ್ಲಿ ಕೈಚಳಕಕ್ಕಿಂತ ಓಟ, ದಮ್ಮು, ಮೊದಲೇ ಹಾಕಿಕೊಂಡ ಯೋಜನೆ ಮುಖ್ಯ. ಯೂರೋಪಿನವರು, ಆಸ್ಟ್ರೇಲಿಯಾದವರು ಟರ್ಫ್ ಹಾಕಿಸಿಕೊಂಡರು, ಅದಕ್ಕೆ ತಕ್ಕ ತರಬೇತಿ ಕಟ್ಟಿದರು. ನಮ್ಮ ಹುಡುಗರು ಮಣ್ಣಿನ ಮೈದಾನದಲ್ಲಿ ಕಲಿತು ಟರ್ಫ್ ಮೇಲೆ ಪರೀಕ್ಷೆ ಬರೆದರು. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಬಂತು ನಿಜ, ಆ ಸಲ ಬಹಳ ದೇಶಗಳು ಒಲಿಂಪಿಕ್ಸ್ ಬಹಿಷ್ಕರಿಸಿದ್ದವು. ಅದಾದ ಮೇಲೆ 41 ವರ್ಷ ಒಲಿಂಪಿಕ್ಸ್‌ನಲ್ಲಿ ಒಂದು ಪದಕವೂ ಬರಲಿಲ್ಲ. 2008ರಲ್ಲಿ ಅರ್ಹತೆಯೇ ಸಿಗಲಿಲ್ಲ. 2012ರಲ್ಲಿ ಲಂಡನ್‌ನಲ್ಲಿ 12 ತಂಡಗಳಲ್ಲಿ 12ನೇ ಸ್ಥಾನ.

ಈ ಕಥೆ ನಮಗೆ ಗುರುತು ಸಿಗಬೇಕು. ಕನ್ನಡ ಮಾಧ್ಯಮದ ಸರ್ಕಾರಿ ಸಾಲಿಯಲ್ಲಿ ಕಲಿತ ಹುಡುಗಿ ನೇರ ಇಂಗ್ಲಿಷ್ ಪರೀಕ್ಷೆಗೆ ಕೂತ ಹಾಗೆ ಇದು. ಆಕೆ ದಡ್ಡಿ ಅಂತ ಬರೆಯೋರಿಗೆ ನೆಲ ಬದಲಾಗಿದ್ದು ಕಾಣೋದೇ ಇಲ್ಲ.

ಆಮೇಲೆ ಏನಾಯ್ತು? ಶಿಬಿರ ನಿಂತವು, ಫಿಟ್‌ನೆಸ್ ತಜ್ಞರು ಬಂದರು, ವಿಡಿಯೊ ನೋಡಿ ಆಟ ಬಿಡಿಸಿ ಹೇಳುವವರು ಬಂದರು, 2018ರಿಂದ ಒಡಿಶಾ ಸರ್ಕಾರ ರಾಷ್ಟ್ರೀಯ ತಂಡಗಳ ಪ್ರಾಯೋಜಕತ್ವಕ್ಕೆ ದುಡ್ಡು ಕೊಟ್ಟಿತು. ಆಸ್ಟ್ರೇಲಿಯಾದ ಗ್ರಹಾಂ ರೀಡ್ ಕೋಚ್ ಆಗಿದ್ದಾಗ ಗಂಡಸರ ತಂಡ ಟೋಕಿಯೊದಲ್ಲಿ ಕಂಚು ಗೆದ್ದಿತು. ಅದೇ ಟೂರ್ನಿಯಲ್ಲಿ ಆಸ್ಟ್ರೇಲಿಯಾ ಮೇಲೆ 1-7ರಿಂದ ಸೋತ ತಂಡ ಅದು. ಕಂಚಿನ ಪಂದ್ಯದಲ್ಲಿ ಜರ್ಮನಿ ಎದುರು 1-3 ಹಿಂದೆ ಬಿದ್ದು 5-4ರಿಂದ ಗೆದ್ದಿತು. ಏಳು ಗೋಲು ತಿಂದ ಹುಡುಗರನ್ನ ಮರುದಿನ ಮೈದಾನಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸೋದು, ಅದೂ ತರಬೇತಿಯೇ. 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಕಂಚು. ಆಗ ಕೋಚ್ ದಕ್ಷಿಣ ಆಫ್ರಿಕಾದ ಕ್ರೇಗ್ ಫುಲ್ಟನ್.

ಹೆಣ್ಣುಮಕ್ಕಳ ತಂಡದ ಲೆಕ್ಕ ಇನ್ನೂ ಸ್ಪಷ್ಟ. 36 ವರ್ಷದ ನಂತರ 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೆ ಹೋದರು. ಒಂದು ಪಂದ್ಯವನ್ನೂ ಗೆಲ್ಲದೆ ಕೊನೆಯ ಸ್ಥಾನ, 12ನೇದು. ಐದು ವರ್ಷ ಬಿಟ್ಟು ಟೋಕಿಯೊದಲ್ಲಿ ನಾಲ್ಕನೇ ಸ್ಥಾನ, ಆಸ್ಟ್ರೇಲಿಯಾವನ್ನ ಮನೆಗೆ ಕಳಿಸಿ. ಅಷ್ಟರಲ್ಲಿ ಬೇರೆ ದೇಶದಿಂದ ಹುಡುಗಿಯರನ್ನ ತಂದಿದ್ರೇನು? ರಾಣಿ ರಾಂಪಾಲ್, ಸವಿತಾ, ವಂದನಾ ಕಟಾರಿಯಾ, ದೀಪ್ ಗ್ರೇಸ್ ಎಕ್ಕಾ, ನಿಕ್ಕಿ ಪ್ರಧಾನ್ ಎರಡೂ ಕಡೆ ಇದ್ದವರು. ಅದೇ ಕೈ, ಅದೇ ಕಾಲು. ನಡುವೆ ಬಂದದ್ದು ನೆದರ್‌ಲೆಂಡ್ಸ್‌ನ ಕೋಚ್ ಶೋರ್ಡ್ ಮರೈನ್, ದಕ್ಷಿಣ ಆಫ್ರಿಕಾದ ಫಿಟ್‌ನೆಸ್ ತಜ್ಞ ವೇಯ್ನ್ ಲೊಂಬಾರ್ಡ್, ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ತಿಂಗಳುಗಟ್ಟಲೆ ನಡೆದ ಶಿಬಿರ, ಹೊಟ್ಟೆತುಂಬ ಲೆಕ್ಕದ ಊಟ.

ಈಗ ನಾನು ಹಾಕಿ ನೋಡೋಕೆ ಶುರು ಮಾಡಿದ ಕಾರಣಕ್ಕೆ ಬರ್ತೀನಿ.

ವಂದನಾ ಕಟಾರಿಯಾ ಹರಿದ್ವಾರದ ಹತ್ತಿರದ ರೋಶನಾಬಾದ್‌ನವರು, ನಮ್ಮವರು, ದಲಿತರು. 2021ರ ಮೇ ತಿಂಗಳಲ್ಲಿ ಅವರ ತಂದೆ ತೀರಿಕೊಂಡಾಗ ವಂದನಾ ಬೆಂಗಳೂರಿನ ಶಿಬಿರದಲ್ಲಿದ್ದರು. ಕೋವಿಡ್ ಕಾಲ. ಅಂತ್ಯಕ್ರಿಯೆಗೆ ಹೋಗಲಿಲ್ಲ, ಅಭ್ಯಾಸ ಮುಂದುವರೆಸಿದರು. ಟೋಕಿಯೊದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಮೂರು ಗೋಲು ಹೊಡೆದು, ಒಲಿಂಪಿಕ್ಸ್ ಹಾಕಿಯಲ್ಲಿ ಹ್ಯಾಟ್ರಿಕ್ ಮಾಡಿದ ಭಾರತದ ಮೊದಲ ಮಹಿಳೆ ಆದರು. ಆ ಪಂದ್ಯ 4-3ರಿಂದ ಗೆಲ್ಲದಿದ್ದರೆ ತಂಡ ಕ್ವಾರ್ಟರ್‌ಫೈನಲ್ ಮುಖವನ್ನೇ ನೋಡ್ತಿರಲಿಲ್ಲ.

ಆಗಸ್ಟ್ 4ರಂದು ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಎದುರು 1-2ರಿಂದ ಸೋಲಾಯ್ತು. ಅವತ್ತು ವಂದನಾ ಅವರ ಮನೆ ಮುಂದೆ ಮೇಲ್ಜಾತಿಯ ಕೆಲವರು ಪಟಾಕಿ ಹೊಡೆದು ಕುಣಿದರು, ತಂಡದಲ್ಲಿ ದಲಿತರು ಜಾಸ್ತಿ ಇದ್ದಾರೆ, ಅದಕ್ಕೇ ಸೋತಿತು ಅಂತ ಜಾತಿ ಹಿಡಿದು ಬೈದರು ಎಂದು ಮನೆಯವರು ದೂರು ಕೊಟ್ಟರು. ಪೊಲೀಸರು ಪ್ರಕರಣ ದಾಖಲಿಸಿ ಬಂಧನವನ್ನೂ ಮಾಡಿದರು. ಎರಡು ದಿನ ಬಿಟ್ಟು ಕಂಚಿನ ಪಂದ್ಯ. ಬ್ರಿಟನ್ ಎದುರು ಅದೂ 3-4ರಿಂದ ಕೈತಪ್ಪಿತು. ಆ ಮೂರು ಗೋಲಿನಲ್ಲಿ ಒಂದು ವಂದನಾ ಅವರದು.

ಅವತ್ತು ಸುದ್ದಿ ಬಂದಾಗ ನಮ್ಮ ಹುಡುಗರ ಮೊಬೈಲ್‌ಗಳಲ್ಲೆಲ್ಲ ಅದೇ. ಬಹಳ ಮಂದಿ ಸಿಟ್ಟಿನ ಪೋಸ್ಟ್ ಹಾಕಿದರು, ನಾನೂ ಹಾಕಿದೆ. ಸಿಟ್ಟು ಇಳಿದ ಮೇಲೆ ಒಂದು ವಿಚಾರ ತಲೆಯಲ್ಲಿ ಕೂತಿತು. ಗೆದ್ದರೆ 'ದೇಶದ ಮಗಳು', ಸೋತರೆ 'ದಲಿತರು ಜಾಸ್ತಿ'. ಗೆಲುವಿನ ಕಾರಣ ಬಂದಾಗ ಕೋಚ್, ಯೋಜನೆ, ಪ್ರಾಯೋಜಕರು ಎಲ್ಲ ನೆನಪಾಗ್ತಾರೆ. ಸೋಲಿನ ಕಾರಣ ಬಂದಾಗ ಮಾತ್ರ ಹುಟ್ಟು ನೆನಪಾಗ್ತದೆ.

ಹುಟ್ಟಿನಿಂದ ಬರ್ತದೆ ಅಂತ ಯಾರಾದ್ರೂ ಏನನ್ನಾದ್ರೂ ಹೇಳಿದರೆ ನಾವು ಎರಡು ಸಲ ಯೋಚನೆ ಮಾಡಬೇಕು. ಹುಟ್ಟಿನಿಂದ ಜಾಣ, ಹುಟ್ಟಿನಿಂದ ಶುದ್ಧ, ಹುಟ್ಟಿನಿಂದ ಕೀಳು. ಹುಟ್ಟುಪ್ರತಿಭೆ ಅನ್ನೋ ಮಾತೂ ಅದೇ ಮನೆತನದ್ದು. ನಮ್ಮ ಜನರನ್ನ ಹೊಗಳುವಾಗಲೂ ಅದನ್ನೇ ಬಳಸ್ತಾರೆ ನೋಡ್ರಿ: "ಅವರ ಮೈಕಟ್ಟು ಗಟ್ಟಿ ಐತ್ರಿ, ದುಡಿದ ಮೈ." ಸಿಂಧನೂರು ಕಡೆ ಭತ್ತದ ನಾಟಿಗೆ ನಮ್ಮ ಅವ್ವಂದಿರು ದಿನಪೂರ್ತಿ ನಡ ಬಗ್ಗಿಸಿ ಕೆಸರಲ್ಲಿ ನಿಲ್ತಾರೆ. ಹಾಕಿಯೂ ನಡ ಬಗ್ಗಿಸಿ ಆಡೋ ಆಟ. ಆದರೆ ನಾಟಿ ಹಚ್ಚಿದ ನಡಕ್ಕೆ ನೋವು ಬರ್ತದೆ, ಡಿಫೆನ್ಸ್ ಬರೋದಿಲ್ಲ. ಮೈ ಗಟ್ಟಿ ಅನ್ನೋ ಹೊಗಳಿಕೆ ಒಳಗೆ, ತಲೆ ಕೆಲಸ ಬೇರೆಯವರದು ಅನ್ನೋ ತೀರ್ಮಾನ ಅಡಗಿ ಕೂತಿರ್ತದೆ.

ಹಾಕಿ ತಲೆಯ ಆಟ. ಒಂದು ಸಣ್ಣ ನಿಯಮ ಹೇಳ್ತೀನಿ. ಹಾಕಿ ಸ್ಟಿಕ್ಕಿಗೆ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು. ಉಬ್ಬಿದ ಮುಖದಿಂದ ಚೆಂಡು ಹೊಡೆಯಂಗಿಲ್ಲ. ಎಡಗಡೆ ಹೋದ ಚೆಂಡನ್ನ ಹಿಡೀಬೇಕಾದ್ರೆ ಎಡಗೈಯಿಂದ ಸ್ಟಿಕ್ಕನ್ನೇ ತಿರುಗಿಸಿ ಚಪ್ಪಟೆ ಮುಖಕ್ಕೆ ತರಬೇಕು. ನಮ್ಮ ಓಣಿಯ ಚಿಣಿಪಣಿ ಹುಲಿಯನ್ನ ನೇರ ಹಾಕಿ ಮೈದಾನಕ್ಕೆ ಬಿಟ್ಟರೆ ಮೊದಲನೇ ನಿಮಿಷಕ್ಕೇ ಸೀಟಿ. ಅವನ ಕಣ್ಣು, ಕೈ, ಟೈಮಿಂಗ್ ಎಲ್ಲ ಇರ್ತದೆ. ಆ ಒಂದು ಮಣಿಕಟ್ಟಿನ ತಿರುವನ್ನ ಯಾರೋ ಒಬ್ಬರು ಎಂಟು ಹತ್ತನೇ ವಯಸ್ಸಿಗೆ ಹಿಡಿದು ತೋರಿಸಿರಬೇಕು, ಸಾವಿರ ಸಲ ಮಾಡಿಸಿರಬೇಕು.

ಪೆನಾಲ್ಟಿ ಕಾರ್ನರ್ ನೋಡ್ರಿ. ಗೆರೆಯಿಂದ ಒಬ್ಬರು ಚೆಂಡು ತಳ್ತಾರೆ, ವೃತ್ತದ ಹೊರಗೆ ಒಬ್ಬರು ತಡೀತಾರೆ, ಇನ್ನೊಬ್ಬರು ಎಳೆದು ಎಸೀತಾರೆ. ಕಣ್ಣು ಮಿಟುಕಿಸೋದ್ರೊಳಗೆ ಮುಗೀತದೆ. ಯಾರು ಯಾವ ಹೆಜ್ಜೆ ಇಡಬೇಕು ಅಂತ ಮೊದಲೇ ಬರೆದಿಟ್ಟಿರ್ತಾರೆ. ಟೋಕಿಯೊದಲ್ಲಿ ಆಸ್ಟ್ರೇಲಿಯಾವನ್ನ ಸೋಲಿಸಿದ ಆ ಒಂದೇ ಒಂದು ಗೋಲು, ಗುರ್ಜಿತ್ ಕೌರ್ ಹೊಡೆದದ್ದು, ಪೆನಾಲ್ಟಿ ಕಾರ್ನರ್‌ನಿಂದಲೇ ಬಂತು. ಯಾವ ಮಗುವೂ ಡ್ರ್ಯಾಗ್‌ಫ್ಲಿಕ್ ಕಲಿತುಕೊಂಡು ಹುಟ್ಟೋದಿಲ್ಲ.

ಹಂಗಂತ ಕೋಚ್ ಅಂದ್ರೆ ಮಂತ್ರವಾದಿ ಅಂತಲೂ ನಾನು ಹೇಳೋದಿಲ್ಲ. ಇದೇ ಹೆಣ್ಣುಮಕ್ಕಳ ತಂಡ 2024ರ ಜನವರಿಯಲ್ಲಿ ರಾಂಚಿಯಲ್ಲಿ ಜಪಾನ್ ಎದುರು 0-1ರಿಂದ ಸೋತು ಪ್ಯಾರಿಸ್ ಒಲಿಂಪಿಕ್ಸ್ ತಪ್ಪಿಸಿಕೊಂಡಿತು. ಆಗಲೂ ವಿದೇಶಿ ಕೋಚ್ ಇದ್ದರು, ಯಾನೆಕೆ ಶಾಪ್ಮನ್. ಗಾಯಗೊಂಡಿದ್ದ ವಂದನಾ ಆ ಟೂರ್ನಿಯಲ್ಲಿ ಆಡಲಿಲ್ಲ. 320 ಅಂತಾರಾಷ್ಟ್ರೀಯ ಪಂದ್ಯ ಆಡಿದ ಆಟಗಾರ್ತಿಯ ಜಾಗವನ್ನ ಯಾವ ಯೋಜನೆಯೂ ರಾತ್ರೋರಾತ್ರಿ ತುಂಬೋದಿಲ್ಲ. ಪ್ರತಿಭೆ ಅನ್ನೋದು ಇದೆ. ಅದು ಎಲ್ಲ ಕೇರಿಯಲ್ಲೂ, ಎಲ್ಲ ಓಣಿಯಲ್ಲೂ ಇದೆ. ತರಬೇತಿ ಹಂಗಲ್ಲ. ಅದನ್ನ ಯಾರೋ ಹಂಚಬೇಕು, ಹಂಚುವವರ ಕೈ ಯಾವ ಕಡೆ ವಾಲ್ತದೆ ಅನ್ನೋದೇ ಪ್ರಶ್ನೆ.

ನಮ್ಮ ರಾಜ್ಯದಲ್ಲಿ ಹಾಕಿ ಅಂದ್ರೆ ಕೊಡಗು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್. ಒಂದು ಸಣ್ಣ ಜಿಲ್ಲೆಯಿಂದ ಇಷ್ಟು ಮಂದಿ. "ಅವರ ರಕ್ತದಾಗ ಹಾಕಿ ಐತಿ" ಅಂತ ಇಲ್ಲೂ ಹೇಳ್ತಾರೆ. ಅವರ ಆಟದ ಮೇಲೆ ನನಗೆ ಗೌರವ ಇದೆ, ಅದಕ್ಕೇ ರಕ್ತದ ಮಾತು ಒಪ್ಪೋದಿಲ್ಲ. ಕೊಡಗಿನಲ್ಲಿ ಸೈನ್ಯದಿಂದ ಬಂದ ಶಿಸ್ತು ಇತ್ತು, ಊರೂರಿನ ಸಾಲಿಗೆ ಮೈದಾನ ಇತ್ತು, ಕ್ರೀಡಾ ಹಾಸ್ಟೆಲ್‌ಗಳು ಬಂದವು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಕುಟುಂಬಗಳ ಹಾಕಿ ಉತ್ಸವದಲ್ಲಿ 2024ರಲ್ಲಿ 360 ಕುಟುಂಬದ ತಂಡಗಳು ಆಡಿದವು. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ. ಅಂಥ ಮನೆಯಲ್ಲಿ ಮಗುವಿಗೆ ಮೊದಲನೇ ಕೋಚ್ ಅಂಗಳದಲ್ಲೇ ಸಿಗ್ತಾನೆ. ಅದು ಒಂದು ಸಮಾಜ ತಾನೇ ಕಟ್ಟಿಕೊಂಡ ತರಬೇತಿ ವ್ಯವಸ್ಥೆ. ನಾವು ನೋಡಿ ಕಲಿಯಬೇಕಾದದ್ದು ಅದನ್ನ.

ಕಾಫಿ ತೋಟ ಇಲ್ಲದವರ ಕಥೆ ಬೇಕಾ? ಒಡಿಶಾದ ಸುಂದರ್‌ಗಢ. ಆದಿವಾಸಿಗಳ ಜಿಲ್ಲೆ. ಅಲ್ಲಿನ ಪಾನ್‌ಪೋಷ್‌ನಲ್ಲಿ 1985ರಲ್ಲಿ ಸರ್ಕಾರ ಒಂದು ಕ್ರೀಡಾ ಹಾಸ್ಟೆಲ್ ಶುರು ಮಾಡಿತು. ಊಟ, ವಸತಿ, ಸಾಲಿ, ಕೋಚ್ ಒಂದೇ ಕಡೆ. ಆ ಜಿಲ್ಲೆಯಿಂದ ದಿಲೀಪ್ ಟಿರ್ಕಿ, ಬೀರೇಂದ್ರ ಲಾಕ್ರಾ, ಅಮಿತ್ ರೋಹಿದಾಸ್, ದೀಪ್ ಗ್ರೇಸ್ ಎಕ್ಕಾ ಬಂದರು. ದಿಲೀಪ್ ಟಿರ್ಕಿ ದೇಶದ ನಾಯಕ ಆದರು, 2022ರಲ್ಲಿ ಹಾಕಿ ಇಂಡಿಯಾದ ಅಧ್ಯಕ್ಷರೂ ಆದರು. ಬಿದಿರಿನ ಕೋಲಿಂದ ಆಡ್ತಿದ್ದ ಮಕ್ಕಳು ಮೊದಲೂ ಇದ್ದರು. ಹಾಸ್ಟೆಲ್ ಬಂದ ಮೇಲೆ ಅವರ ಹೆಸರು ದೇಶಕ್ಕೆ ಗೊತ್ತಾಯ್ತು.

ಹರಿಯಾಣದ ಶಾಹಾಬಾದ್‌ನ ರಾಣಿ ರಾಂಪಾಲ್ ಅವರ ತಂದೆ ಗಾಡಿ ಎಳೆದು ದುಡಿದವರು. ಅಭ್ಯಾಸಕ್ಕೆ ಬರೋ ಪ್ರತಿ ಮಗು ಅರ್ಧ ಲೀಟರ್ ಹಾಲು ತರಬೇಕು ಅನ್ನೋ ನಿಯಮ ಅಲ್ಲಿತ್ತಂತೆ. ಮನೆಯಲ್ಲಿ ಅಷ್ಟು ಹಾಲಿಗೆ ದುಡ್ಡಿಲ್ಲ, ಇದ್ದ ಹಾಲಿಗೆ ನೀರು ಬೆರೆಸಿ ಒಯ್ತಿದ್ದೆ ಅಂತ ರಾಣಿ ಅವರೇ ಹೇಳಿಕೊಂಡಿದ್ದಾರೆ. ಅಂಥ ಹುಡುಗಿಗೆ ಕಿಟ್ಟು, ಶೂ ಕೊಟ್ಟು ನಿಂತು ಕಲಿಸಿದವರು ಕೋಚ್ ಬಲದೇವ್ ಸಿಂಗ್. ಟೋಕಿಯೊದಲ್ಲಿ ತಂಡದ ನಾಯಕಿ ಈ ರಾಣಿಯೇ.

ಕೋಚ್ ಅಂದ ಕೂಡಲೇ ನಮ್ಮವರಿಗೆ ಒಂದು ಹಳೇ ಗಾಯವೂ ನೆನಪಾಗಬೇಕು. ಕೇಂದ್ರ ಸರ್ಕಾರ 1985ರಿಂದ ಕೋಚ್‌ಗಳಿಗೆ ಕೊಡೋ ಪ್ರಶಸ್ತಿಯ ಹೆಸರು ದ್ರೋಣಾಚಾರ್ಯ. ನಮ್ಮ ಕರ್ನಾಟಕ ಸರ್ಕಾರ ಆಟಗಾರರಿಗೆ ಕೊಡೋ ಪ್ರಶಸ್ತಿಯ ಹೆಸರು ಏಕಲವ್ಯ. ಹೆಸರಿಟ್ಟವರು ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ರೋ ಇಲ್ಲೋ. ಕಲಿಸೋದಿಲ್ಲ ಅಂತ ಕಳಿಸಿದವನ ಹೆಸರಲ್ಲಿ ಗುರುವಿಗೆ ಬಹುಮಾನ, ಬೆರಳು ಕಳಕೊಂಡವನ ಹೆಸರಲ್ಲಿ ಶಿಷ್ಯನಿಗೆ ಬಹುಮಾನ. ಏಕಲವ್ಯನ ಕಥೆಯನ್ನ ಗುರುಭಕ್ತಿಯ ಪಾಠ ಅಂತ ನಮಗೆ ಸಾಲಿಯಲ್ಲಿ ಹೇಳಿದರು. ನಾನು ಅದನ್ನ ತರಬೇತಿಯ ಪಾಠ ಅಂತ ಓದ್ತೀನಿ. ಗುರುವಿಲ್ಲದೆ ಕಲಿತರೂ, ಕಲಿತದ್ದನ್ನ ಮೈದಾನಕ್ಕೆ ತರೋ ಅನುಮತಿ ಬೇರೆಯವರ ಕೈಯಲ್ಲಿ ಇತ್ತು.

ಇದು ಪುರಾಣ ಅಷ್ಟೇ ಅನ್ನಬೇಡ್ರಿ. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಳೂ ಚಮ್ಮಾರ ಸಮುದಾಯದವರು. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿಗೆ ಕ್ರಿಕೆಟ್ ಪಿಚ್ ಉರುಳಿಸೋ ಕೆಲಸ ಮಾಡ್ತಿದ್ದರು. ಸಾಹೇಬರಿಗೆ ನೆಟ್‌ನಲ್ಲಿ ಗಂಟೆಗಟ್ಟಲೆ ಚೆಂಡು ಎಸೆದು ಎಸೆದು ಬೌಲಿಂಗ್ ಕಲಿತರು. ಬ್ಯಾಟ್ ಮಾತ್ರ ಯಾರೂ ಅವರ ಕೈಗೆ ಕೊಡಲಿಲ್ಲ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಕೊಡಲಿಲ್ಲ. ಅದು ಸಿಕ್ಕಿದ್ದು 1923ರಲ್ಲಿ ಅವರ ತಮ್ಮ ವಿಠಲ್‌ಗೆ. ಚೆಂಡಿನ ತರಬೇತಿ ಅಕಸ್ಮಾತ್ತಾಗಿ ಸಿಕ್ಕಿತು, ಬಾಳೂ ಬೌಲರ್ ಆದರು. ಬ್ಯಾಟಿನ ತರಬೇತಿ ಸಿಗಲೇ ಇಲ್ಲ. ಹಂಗಂತ ಅವರಿಗೆ ಬ್ಯಾಟಿಂಗ್ ಪ್ರತಿಭೆ ಇರಲಿಲ್ಲ ಅಂತ ಹೇಳೋಕೆ ಯಾರಿಗೆ ಧೈರ್ಯ ಇದೆ?

ಈಗ ನಮ್ಮ ಮೂರು ತಾಲ್ಲೂಕಿಗೆ ಬರೋಣ.

ತುಂಗಭದ್ರೆಯ ಎಡದಂಡೆ ಕಾಲುವೆ ನೀರಿಂದ ಸಿಂಧನೂರು ಭತ್ತದ ಕಣಜ ಆಯ್ತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಭೂಮಿಯಿಂದ ಚಿನ್ನ ತೆಗೀತಾರೆ. ಆದರೂ 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿಯ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸಿಂಧನೂರೂ ಇತ್ತು, ಲಿಂಗಸುಗೂರೂ ಇತ್ತು. ಚಿನ್ನ, ಭತ್ತ ಇದ್ದ ಕಡೆಯಿಂದಲೇ ನಮ್ಮ ಜನ ಗುಳೆ ಹೋಗ್ತಾರೆ.

ಕೆಲವು ವರ್ಷದ ಕೆಳಗೆ ಮಸ್ಕಿ ಕಡೆಯ ಒಂದು ಊರಲ್ಲಿ ಖೊಖೊ ನೋಡ್ತಿದ್ದೆ. ಒಬ್ಬ ಹುಡುಗಿ, 12 ವರ್ಷ ಇರಬಹುದು, ಬರಿಗಾಲು. ಎದುರಾಳಿ ಕೈ ಚಾಚುವಷ್ಟರಲ್ಲಿ ಬೆನ್ನು ಬಾಗಿಸಿ ಇನ್ನೊಂದು ಕಡೆ ಇರ್ತಿದ್ದಳು. ಅವಳನ್ನ ಮುಟ್ಟೋಕೆ ಆಗದೆ ಎದುರಿನ ತಂಡ ಜಗಳ ತೆಗೆಯಿತು. ಮರುವರ್ಷ ಅದೇ ಊರಿಗೆ ಹೋದಾಗ ಅವಳ ಬಗ್ಗೆ ಕೇಳಿದೆ. "ಅಕಿ ಎಲ್ಲಿ ಅದಾಳ್ರೀ ಅಣ್ಣಾ, ಅವರಪ್ಪ ಅವ್ವನ ಕೂಡ ಬೆಂಗಳೂರಿಗೆ ದುಡಿಯಾಕ ಹೋಗ್ಯಾಳ. ತಮ್ಮನ್ನ ನೋಡ್ಕೊಳ್ಳಾಕ ಯಾರರ ಬೇಕಲ್ಲ" ಅಂದರು ಅವಳ ಚಿಕ್ಕವ್ವ. ದೇಶದ ಹಾಕಿ ತಂಡ ತರಬೇತಿ ಪಡೆಯೋದೂ ಬೆಂಗಳೂರಿನಲ್ಲೇ. ಇವಳು ಹೋದದ್ದು ಅದೇ ಬೆಂಗಳೂರಿಗೆ, ಕಟ್ಟಡದ ಪಕ್ಕದ ತಗಡಿನ ಶೆಡ್ಡಿಗೆ.

ಕೋಚ್‌ಗಳನ್ನ ಕೇಳಿ ನೋಡ್ರಿ. ಆಟಕ್ಕೆ ಅಡಿಪಾಯ ಹಾಕೋ ವಯಸ್ಸು ಎಂಟರಿಂದ ಹದಿನಾಲ್ಕು ಅಂತಾರೆ. ನಮ್ಮ ಮಕ್ಕಳು ಗುಳೆ ಹೋಗೋ ವಯಸ್ಸು, ಹತ್ತಿ ಹೊಲದಲ್ಲಿ ಕ್ರಾಸಿಂಗ್ ಕೆಲಸಕ್ಕೆ ಬೀಳೋ ವಯಸ್ಸು, ಸಾಲಿ ಬಿಡೋ ವಯಸ್ಸು ಅದೇ. ಹತ್ತಿ ಹೂವಿನ ಎಸಳು ಬಿಡಿಸೋ ಆ ಸಣ್ಣ ಬೆರಳಿನ ಚುರುಕನ್ನ ಬೀಜದ ಕಂಪನಿಗಳು ಯಾವತ್ತೋ ಗುರುತಿಸಿವೆ. ಪ್ರತಿಭೆ ಹುಡುಕಾಟ ನಮ್ಮ ಕಡೆ ನಡೆಯೋದಿಲ್ಲ ಅಂತ ಯಾರು ಹೇಳಿದ್ದು?

ಊಟದ ಮಾತು. 2021ರ ಡಿಸೆಂಬರ್‌ನಲ್ಲಿ ರಾಯಚೂರು ಸೇರಿ ನಮ್ಮ ಭಾಗದ ಸಾಲಿಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಎಷ್ಟು ಗದ್ದಲ ಆಯ್ತು ನೆನಪಿದೆಯಲ್ಲ. ಮಠಾಧೀಶರು ವಿರೋಧ ಮಾಡಿದರು. ಗಂಗಾವತಿಯ ಒಬ್ಬ ವಿದ್ಯಾರ್ಥಿನಿ ಮೊಟ್ಟೆ ಬೇಕೇ ಬೇಕು ಅಂತ ಎದ್ದು ನಿಂತು ಮಾತಾಡಿದಳು. ಟೋಕಿಯೊದಲ್ಲಿ ನಮ್ಮ ಹುಡುಗಿಯರು ಕೊನೇ ನಿಮಿಷದ ತನಕ ಓಡಿದ್ದಕ್ಕೆ ಫಿಟ್‌ನೆಸ್ ತಜ್ಞರನ್ನ ಹೊಗಳಿದೆವು. ಅದೇ ವರ್ಷ ಇಲ್ಲಿ ಮಕ್ಕಳ ತಟ್ಟೆಯ ಒಂದು ಮೊಟ್ಟೆ ಮೇಲೆ ಜಗಳ. ಫಿಟ್‌ನೆಸ್ ಶುರುವಾಗೋದು ಆ ತಟ್ಟೆಯಿಂದ ಅಂತ ಹೇಳೋಕೆ ವಿದೇಶಿ ತಜ್ಞರು ಬೇಕಿಲ್ಲ.

ಮಸ್ಕಿ ಅಂದ್ರೆ ಅಶೋಕನ ಶಾಸನ. 1915ರಲ್ಲಿ ಸಿಕ್ಕಿದ್ದು. ದೇವಾನಾಂಪ್ರಿಯ ಅಂದ್ರೆ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ ಕಲ್ಲು ಅಂತ ಎಲ್ಲರಿಗೂ ಗೊತ್ತು. ಪರೀಕ್ಷೆಯಲ್ಲೂ ಅದನ್ನೇ ಕೇಳ್ತಾರೆ. ಆ ಕಲ್ಲಿನ ಉಳಿದ ಸಾಲುಗಳಲ್ಲಿ ಏನಿದೆ ಅಂತ ಬಹಳ ಮಂದಿ ಕೇಳೋದಿಲ್ಲ. ಅದರ ಸಾರ ಇಷ್ಟು: ಧಮ್ಮದ ದಾರಿಯಲ್ಲಿ ನಿಂತರೆ ಸಣ್ಣವನೂ ಈ ಎತ್ತರ ಮುಟ್ಟಬಹುದು. ದೊಡ್ಡವರಿಗಷ್ಟೇ ಇದು ಸಾಧ್ಯ ಅಂತ ತಿಳಿಯಬಾರದು. ಈ ಮಾತನ್ನ ಸಣ್ಣವರಿಗೂ ದೊಡ್ಡವರಿಗೂ ಇಬ್ಬರಿಗೂ ಹೇಳಬೇಕು. ಬುದ್ಧನ ದಾರಿ ಹಿಡಿದ ದೊರೆ ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ನೆಲದಲ್ಲಿ ಕೆತ್ತಿಸಿದ್ದು ಇದು. ಅದರಲ್ಲಿ ನನಗೆ ಹಿಡಿಸಿದ್ದು ಆ ಕೊನೆಯ ಭಾಗ. ಸಾಧ್ಯ ಅಂತ ಕೆತ್ತಿ ಸುಮ್ಮನಾಗಲಿಲ್ಲ, ಹೋಗಿ ಹೇಳ್ರಿ ಅಂದ. ಹೇಳಿಕೊಡುವವರು ಬೇಕು ಅನ್ನೋದು ಆ ಕಲ್ಲಿಗೂ ಗೊತ್ತಿತ್ತು.

ಹಾಗಾಗಿ ನಾನು ಟರ್ಫ್ ಕೇಳ್ತಿಲ್ಲ. ಅದು ಕೋಟಿಗಳ ಮಾತು, ಆಮೇಲೆ ಬರಲಿ. ಮೊದಲು ಮನುಷ್ಯರು ಬೇಕು. ಸ್ಟೇಡಿಯಂ ಕಟ್ಟಿಸಿ, ಕಂಪೌಂಡ್ ಹಾಕಿಸಿ, ಗೇಟಿಗೆ ಬೀಗ ಜಡಿದರೆ ಗುತ್ತಿಗೆದಾರರಿಗೆ ಬಿಟ್ಟು ಯಾರಿಗೂ ಆಟ ಬರೋದಿಲ್ಲ. ಬೇಡಿಕೆಗಳು ಇವು:

1. ನಮ್ಮ ಮೂರೂ ತಾಲ್ಲೂಕಿನ ಸರ್ಕಾರಿ ಸಾಲಿಗಳಲ್ಲಿ ಖಾಲಿ ಇರೋ ದೈಹಿಕ ಶಿಕ್ಷಕರ ಹುದ್ದೆ ತುಂಬಬೇಕು. ಇರೋ ಪಿ.ಟಿ. ಮಾಸ್ತರರನ್ನ ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕಕ್ಕೆ ಹಚ್ಚೋದು ನಿಲ್ಲಬೇಕು.

2. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿಗೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೆ ಸಂಜೆ ಹೊತ್ತು ಕೋಚ್ ಬೇಕು. ನಮ್ಮ ಮಕ್ಕಳು ಈಗಾಗಲೇ ಒಂದು ಕಡೆ ಇದ್ದಾರೆ, ಊಟ ಇದೆ, ವಸತಿ ಇದೆ. ಪಾನ್‌ಪೋಷ್‌ಗೂ ನಮಗೂ ನಡುವೆ ಉಳಿದಿರೋದು ಒಬ್ಬ ಕೋಚ್, ಒಂದು ಚೀಲ ಸ್ಟಿಕ್ಕು.

3. 371(ಜೆ) ಹೆಸರಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬರೋ ದುಡ್ಡಿನಲ್ಲಿ ಗೋಡೆಗಳ ಜೊತೆ ಕೋಚ್‌ಗಳ ಸಂಬಳಕ್ಕೂ ಪಾಲು ಇಡಬೇಕು. 2013ರ ಎಸ್‌ಸಿಎಸ್‌ಪಿ, ಟಿಎಸ್‌ಪಿ ಕಾಯ್ದೆಯ 24.1 ಪರ್ಸೆಂಟ್ ನಮ್ಮ ಹಕ್ಕಿನ ದುಡ್ಡು. ಅದು ಬೇರೆ ಯೋಜನೆಗಳಿಗೆ ಹರಿಯೋ ಬದಲು ನಮ್ಮ ಮಕ್ಕಳ ಶೂ, ಕಿಟ್ಟು, ಹಾಲು, ಮೊಟ್ಟೆಗೆ ಬರಲಿ.

4. ಬಿ.ಪಿ.ಇಡಿ ಮುಗಿಸಿ ಕೂಲಿಗೆ ಹೋಗ್ತಿರೋ ನಮ್ಮ ಹುಡುಗರು, ಹುಡುಗಿಯರು ಇದ್ದಾರೆ. ಅವರನ್ನ ಸರ್ಕಾರದ ಖರ್ಚಿನಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಗೆ ಕೋಚಿಂಗ್ ಡಿಪ್ಲೊಮಾಕ್ಕೆ ಕಳಿಸಬೇಕು. ಆಡುವವರು ನಮ್ಮವರು, ಆರಿಸುವವರು ಯಾವಾಗಲೂ ಬೇರೆಯವರು ಅನ್ನೋದು ಮುಗೀಬೇಕು. ಬೆರಳು ಕೇಳದ ಗುರುಗಳು ನಮ್ಮೊಳಗಿಂದಲೂ ಬರಬೇಕು.

5. ಹೆಣ್ಣುಮಕ್ಕಳಿಗೆ ಮಹಿಳಾ ಕೋಚ್, ಅಭ್ಯಾಸ ಮುಗಿದ ಮೇಲೆ ಊರಿಗೆ ಬಸ್ಸು, ಮೈದಾನದಲ್ಲಿ ಶೌಚಾಲಯ. ಇದಿಲ್ಲದೆ 'ಬೇಟಿ' ಭಾಷಣ ಬೇಡ.

ಸಂಘಟನೆಯ ಗೆಳೆಯರಿಗೂ ಒಂದು ಮಾತು. ಏಪ್ರಿಲ್ 14ಕ್ಕೆ ನಾವು ಡಿಜೆಗೆ, ಬ್ಯಾನರಿಗೆ ಖರ್ಚು ಮಾಡೋ ದುಡ್ಡಿನಲ್ಲಿ ಒಂದು ಪಾಲು ತೆಗೆದಿಟ್ಟು ಒಂದು ಹಾಸ್ಟೆಲ್ಲಿಗೆ ಇಪ್ಪತ್ತು ಸ್ಟಿಕ್ಕು, ಹತ್ತು ಚೆಂಡು ಕೊಡಿಸೋಣ. ಕೊಡಗಿನವರು ಕುಟುಂಬಕ್ಕೊಂದು ತಂಡ ಕಟ್ಟಿದರು. ನಾವು ಕೇರಿಗೊಂದು ತಂಡ ಕಟ್ಟಬಹುದು. ಬಾಬಾಸಾಹೇಬರು ಶಿಕ್ಷಣವನ್ನ ಮೊದಲಿಗೆ ಇಟ್ಟರು. ಮೈದಾನದಲ್ಲಿ ಅದರ ಹೆಸರು ತರಬೇತಿ.

ನಿಮ್ಮೂರಿನ ಸಾಲಿಯಲ್ಲಿ ಪಿ.ಟಿ. ಮಾಸ್ತರರು ಅದಾರೋ ಇಲ್ಲೋ, ಮೈದಾನ ಐತೋ ಇಲ್ಲೋ, ಊರಿನ ಹೆಸರು ಹಾಕಿ ಕಮೆಂಟ್‌ನಲ್ಲಿ ಬರೀರಿ. ಪಟ್ಟಿ ಮಾಡಿಕೊಂಡು ಮುಂದಿನ ತಿಂಗಳು ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆ ಬಿಇಒ ಆಫೀಸಿಗೆ, ತಹಶೀಲ್ದಾರರಿಗೆ ಮನವಿ ಕೊಡೋಣ. ಬರುವವರು ಇನ್‌ಬಾಕ್ಸ್‌ಗೆ ಒಂದು ಮಾತು ಹಾಕ್ರಿ.

ಜೈ ಭೀಮ್.